ಜಾರ್ಜ್ ಫರ್ನಾಂಡಿಸ್ ಸೋಷಲಿಸ್ಟ್ ಪಾರ್ಟಿ ಅಧ್ಯಕ್ಷರಾದದ್ದು ಯೂನಿಯನ್ ಬಲದಿಂದಲೋ, ಪಾರ್ಟಿ ಖಾಲಿಯಾಗಿದ್ದರಿಂದಲೋ?

ಬಂದರು ಗಲ್ಲಿ, ರಾತ್ರಿ 8:05
ಜಾರ್ಜ್ ಫರ್ನಾಂಡಿಸರ ವಿಷಯ ಬಂದರೆ ನಮ್ಮವರು ಎರಡೇ ಮಾತು ಆಡುದು: ಒಂದೋ "ಲೋಹಿಯಾ ಶಿಷ್ಯ", ಇಲ್ಲದಿದ್ದರೆ "ಭಾರೀ ಭಾಷಣಗಾರ". 1973ರಲ್ಲಿ ಅವರು ಸೋಷಲಿಸ್ಟ್ ಪಾರ್ಟಿಯ ಅಧ್ಯಕ್ಷರಾದದ್ದು ಈ ಎರಡರಿಂದಲೂ ಅಲ್ಲ ಮಾರಾಯ್ರೆ. ಯೂನಿಯನ್ ಆಫೀಸಿನ ಬೆಂಚಿನಿಂದ.

ದಾರಿ ನೋಡಿ. ಬೆಂಗಳೂರಿನ ಸೆಮಿನರಿ ಬಿಟ್ಟು ಊರಿಗೆ ಬಂದು ಮಂಗಳೂರಿನ ಹೋಟೆಲು, ಸಾರಿಗೆ ಕೆಲಸಗಾರರ ನಡುವೆ ಶುರು. ಅಲ್ಲಿಂದ ಮುಂಬಯಿ, ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಹತ್ತಿರ ಪಾಠ. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಹೊಣೆ ಇವರ ತಲೆಗೆ. 1961ರಲ್ಲಿ ಮುಂಬಯಿ ಪಾಲಿಕೆ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರ ಸೋಲು, 1969ರಲ್ಲಿ ಎಸ್‌ಎಸ್‌ಪಿ (ಸಂಯುಕ್ತ ಸೋಷಲಿಸ್ಟ್ ಪಾರ್ಟಿ) ಪ್ರಧಾನ ಕಾರ್ಯದರ್ಶಿ, 1973ರಲ್ಲಿ ಅಧ್ಯಕ್ಷ.

ಗಿರಣಿಯಲ್ಲಿ ಯೂನಿಯನ್ ಕಟ್ಟುದಕ್ಕೆ ಒಂದು ಗೇಟು ಉಂಟು, ಮೂರು ಪಾಳಿ ಉಂಟು. ಪಾಳಿ ಬಿಡುವಾಗ ಹೋಗಿ ನಿಂತರೆ ಎಲ್ಲರೂ ಸಿಗ್ತಾರೆ. ಟ್ಯಾಕ್ಸಿಯವರಿಗೆ ಗೇಟೇ ಇಲ್ಲ. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಅಲೆಯಬೇಕು, ಗಾಡಿ ಕೈ ಬದಲಾಗುವ ಹೊತ್ತಿಗೆ ಹಿಡಿಯಬೇಕು. ಎಷ್ಟೋ ಜನ ತಾವೇ ಮಾಲಿಕರು, ತಾವೇ ಡ್ರೈವರು. ಹಾಗಾದರೆ ಬೇಡಿಕೆ ಇಡುದು ಯಾರ ಹತ್ತಿರ? ಮೀಟರ್ ದರ ನಿಗದಿ ಮಾಡುವ ಸರ್ಕಾರದ ಹತ್ತಿರ. ಅಂದರೆ ಟ್ಯಾಕ್ಸಿ ಯೂನಿಯನ್ ಹುಟ್ಟಿದ ದಿನದಿಂದಲೇ ರಾಜಕೀಯ. ಬ್ಯಾಂಕಿನವರು ಡ್ರೈವರಿಗೆ ಸಾಲ ಕೊಡುದಿಲ್ಲ ಅಂತ ಆದಾಗ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿದರು. ಪಾರ್ಟಿಯ ಉಳಿದ ಮುಖಂಡರಲ್ಲಿ ಇಂಥ ಕೆಲಸ ಗೊತ್ತಿದ್ದವರು ಎಷ್ಟು ಮಂದಿ?

ಅದೇ ತರಬೇತಿ ಅವರು ಮುನ್ನಡೆಸಿದ 1974ರ ರೈಲ್ವೆ ಮುಷ್ಕರದಲ್ಲಿ ಕಂಡಿತು. ಏಪ್ರಿಲ್ 23ಕ್ಕೆ ಕಾನೂನು ಪ್ರಕಾರ ನೋಟಿಸ್, ಮೇ 8ಕ್ಕೆ ಮುಷ್ಕರ, 17 ಲಕ್ಷ ಜನ, 20 ದಿನ.

ಕಾಗೋಡಿನ ಗಾಳಿ, ರಾತ್ರಿ 8:31
"ಯೂನಿಯನ್ ಆಫೀಸಿನ ಬೆಂಚಿನಿಂದ" ಎಂಬ ಮಾತು ಕೇಳಲು ಚೆನ್ನಾಗಿದೆ. 1967ರ ಲೋಕಸಭೆಯಲ್ಲಿ ಎಸ್‌ಎಸ್‌ಪಿಗೆ 23 ಸ್ಥಾನ, ಸಮಾಜವಾದಿಗಳ ಇನ್ನೊಂದು ಪಕ್ಷ ಪಿಎಸ್‌ಪಿಗೆ (ಪ್ರಜಾ ಸೋಷಲಿಸ್ಟ್ ಪಾರ್ಟಿ) 13. 1971ರಲ್ಲಿ ಎಷ್ಟು? ಮೂರು ಮತ್ತು ಎರಡು. ದಕ್ಷಿಣ ಮುಂಬಯಿಯಲ್ಲಿ ಜಾರ್ಜ್ ಅವರೇ ಸೋತರು. ಅದೇ ಊರು, ಅದೇ ಟ್ಯಾಕ್ಸಿ, ಅದೇ ಪಾಲಿಕೆ ನೌಕರರು. ಬೆಂಚು ಎಲ್ಲಿ ಹೋಗಿತ್ತು?

ಲೋಹಿಯಾ 1967ರ ಅಕ್ಟೋಬರ್‌ನಲ್ಲೇ ಹೋದರು. ನಮ್ಮಲ್ಲಿ ಶಾಂತವೇರಿ ಗೋಪಾಲಗೌಡರು 1972ರಲ್ಲಿ ಹೋದರು. 1971ರಲ್ಲಿ ಈ ಎರಡು ಪಕ್ಷ ಸೇರಿ ಸೋಷಲಿಸ್ಟ್ ಪಾರ್ಟಿ ಆದವು, ಮರುವರ್ಷವೇ ರಾಜನಾರಾಯಣ್ ಕಡೆಯವರು ಹೊರಗೆ ನಡೆದರು. ಮನೆಯಲ್ಲಿ ಉಳಿದವರಲ್ಲಿ ಹುರುಪಿನಿಂದ ಓಡಾಡುತ್ತಿದ್ದವರು ಯಾರೋ ಅವರ ಕೈಗೆ ಬೀಗದ ಕೈ ಬಂತು. ಇದಕ್ಕೆ ಏಳಿಗೆ ಎನ್ನುವುದಾದರೆ ಅನ್ನಿ.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 8:44
ಉಳಿದದ್ದು ನಿಮ್ಮ ಅಭಿಪ್ರಾಯ. ಆದರೆ "ಕಾನೂನು ಪ್ರಕಾರ ನೋಟಿಸ್" ಎಂಬುದನ್ನು ಬಿಟ್ಟುಬಿಡಲು ಆಗುವುದಿಲ್ಲ. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆ 1947ರ ಪ್ರಕಾರ ರೈಲ್ವೆ ಸಾರ್ವಜನಿಕ ಉಪಯುಕ್ತ ಸೇವೆ. ಅಲ್ಲಿ ಮುಷ್ಕರ ಹೂಡಲು ಸೆಕ್ಷನ್ 22(1)ರಲ್ಲಿ ನಾಲ್ಕು ಅಡ್ಡಿಗಳಿದ್ದವು. ನೋಟಿಸ್ ಕೊಟ್ಟಿರಬೇಕು, ಅದು ಮುಷ್ಕರಕ್ಕೆ ಮುಂಚಿನ ಆರು ವಾರಗಳೊಳಗಿನದಾಗಿರಬೇಕು. ನೋಟಿಸ್ ಕೊಟ್ಟು 14 ದಿನ ಕಳೆದಿರಬೇಕು. ನೋಟಿಸಿನಲ್ಲಿ ಬರೆದ ದಿನಾಂಕಕ್ಕೆ ಮುಂಚೆ ಇಳಿಯುವಂತಿಲ್ಲ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ಸಂಧಾನಾಧಿಕಾರಿಯ ಮುಂದೆ ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಮೇಲೂ ಏಳು ದಿನ ಮುಷ್ಕರ ಇಲ್ಲ. ನೋಟಿಸ್ ಕೊಟ್ಟ ಮಾತ್ರಕ್ಕೆ ಕಾನೂನು ಪ್ರಕಾರ ಆಗಿಬಿಡುವುದಿಲ್ಲ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 8:52
ಬಂತು ನೋಡ್ರಿ ಸೆಕ್ಷನ್ನು. ಏಪ್ರಿಲ್ 23ರಿಂದ ಮೇ 8ಕ್ಕ ಎಷ್ಟು ದಿನ? ಬೆರಳಿನ್ಯಾಗ ಎಣಸ್ರಿ. ಹದಿನೈದು. ನಿಮ್ಮ ಕಾಯ್ದೆ ಕೇಳಿದ್ದು ಹದಿನಾಲ್ಕು. ಮುಗೀತು.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 8:58
ಮುಗಿಯಲಿಲ್ಲ. ನಾಲ್ಕನೇ ಅಡ್ಡಿಯನ್ನು ಓದದೆಯೇ ಉತ್ತರ ಬರೆದಿದ್ದೀರಿ.

ತಟಸ್ಥ ತಿಮ್ಮ, ರಾತ್ರಿ 9:01
ಪಾರ್ಟಿ ಅಧ್ಯಕ್ಷಗಿರಿ ಬಗ್ಗೆ ಮಾತಾಡೋಕೆ ಬಂದವರು ದಯವಿಟ್ಟು ಮುಂದಿನ ಪ್ಲಾಟ್‌ಫಾರಂಗೆ ಹೋಗಿ.

ಬಂದರು ಗಲ್ಲಿ, ರಾತ್ರಿ 9:10
@ಕಾಗೋಡಿನ ಗಾಳಿ, 1971ರಲ್ಲಿ ಇಂದಿರಾ ಅಲೆಗೆ ಯಾರು ಉಳಿದರು ಹೇಳಿ. ರಾಯ್‌ಬರೇಲಿಯಲ್ಲಿ ರಾಜನಾರಾಯಣ್ ಸೋತರು, ಮುಂಗೇರಿನಲ್ಲಿ ಮಧು ಲಿಮಯೆ ಸೋತರು. ಅವರಿಗೆಲ್ಲ ಸೋಲು ಸೋಲೇ ಆಯ್ತು. ಜಾರ್ಜರಿಗೆ ಆಗಲಿಲ್ಲ. ಎಂಪಿ ಸ್ಥಾನ ಹೋದರೂ ಯೂನಿಯನ್ ಆಫೀಸಿನ ಬಾಗಿಲು ಮರುದಿನ ಬೆಳಿಗ್ಗೆ ತೆರೆದಿತ್ತು. ನಾನು ಹೇಳಿದ್ದು ಅದನ್ನೇ. ಬೇರೆಯವರಿಗೆ ಸೋತ ಮೇಲೆ ಕೂತುಕೊಳ್ಳಲಿಕ್ಕೆ ಜಾಗ ಇರಲಿಲ್ಲ.

ಮತ್ತೆ ಒಂದು ಲೋಕಸಭಾ ಕ್ಷೇತ್ರದಲ್ಲಿ ಯೂನಿಯನ್ ಸದಸ್ಯರು ಗೆಲ್ಲಿಸುವಷ್ಟು ಎಲ್ಲಿರ್ತಾರೆ? ಕೆಲಸ ಕೋಟೆ ಪ್ರದೇಶದಲ್ಲಿ, ಮನೆ ಬೇರೆ ಎಲ್ಲೋ. ಯೂನಿಯನ್ ಕೊಡುದು ಓಟು ಅಲ್ಲ, ಜನ. ಬೂತಿಗೆ ಕೂರುವವರು, ಚೀಟಿ ಹಂಚುವವರು, ಮತಪಟ್ಟಿ ಹಿಡಿದು ಮೆಟ್ಟಿಲು ಹತ್ತುವವರು. 1967ರಲ್ಲಿ ಪಾಟೀಲರ ಹತ್ತಿರ ದುಡ್ಡಿತ್ತು, ಇವರ ಹತ್ತಿರ ಕಾಲು ಇತ್ತು.

ತಟಸ್ಥ ತಿಮ್ಮ, ರಾತ್ರಿ 9:14
ಅಂದ್ರೆ ಕಾರ್ಮಿಕರ ಚಂದಾ ದುಡ್ಡಲ್ಲಿ ಚುನಾವಣೆ. ಒಪ್ಪಿಕೊಂಡ್ರಲ್ಲ, ಸಾಕು.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 9:20
ಇಲ್ಲಿ ಬಂದರು ಗಲ್ಲಿಯವರ ಪರವಾಗಿ ಹೇಳಬೇಕಾಗಿದೆ. ಆಗಿನ ಟ್ರೇಡ್ ಯೂನಿಯನ್ ಕಾಯ್ದೆ 1926ರ ಸೆಕ್ಷನ್ 15 ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬಹುದೆಂದು ಪಟ್ಟಿ ಕೊಡುತ್ತಿತ್ತು, ಚುನಾವಣೆ ಅದರಲ್ಲಿರಲಿಲ್ಲ. ಸೆಕ್ಷನ್ 16ರ ಪ್ರಕಾರ ರಾಜಕೀಯ ನಿಧಿಯನ್ನು ಬೇರೆಯೇ ಎತ್ತಬೇಕಿತ್ತು, ಅದರ ಲೆಕ್ಕ ಬೇರೆಯೇ ಇಡಬೇಕಿತ್ತು. ಕೊಡದವನನ್ನು ಸದಸ್ಯತ್ವದಿಂದ ದೂರವಿಡುವಂತಿರಲಿಲ್ಲ, ಸವಲತ್ತು ತಪ್ಪಿಸುವಂತಿರಲಿಲ್ಲ. ಆಗಿನ ಕನಿಷ್ಠ ಚಂದಾ ತಿಂಗಳಿಗೆ 25 ಪೈಸೆ. ಸಾವಿರ ಜನರ ಯೂನಿಯನ್ನಿಗೆ ತಿಂಗಳಿಗೆ 250 ರೂಪಾಯಿ. ಅದರಲ್ಲಿ ಆಫೀಸು ಬಾಡಿಗೆ, ಗುಮಾಸ್ತನ ಸಂಬಳ, ಲೇಬರ್ ಕೋರ್ಟಿನ ಖರ್ಚು ಕಳೆದು ಲೋಕಸಭೆ ಚುನಾವಣೆ ನಡೆಸಿ ನೋಡಿ.

ತಟಸ್ಥ ತಿಮ್ಮ, ರಾತ್ರಿ 9:22
ಕಾಯ್ದೆಯಲ್ಲಿ ಇಲ್ಲ ಅಂದ್ರೆ ಊರಲ್ಲೂ ಇಲ್ಲ. ಎಂಥಾ ನಂಬಿಕೆ ಸ್ವಾಮಿ ನಿಮ್ಮದು.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 9:27
@ಸೆಕ್ಷನ್, ನಿಮ್ಮ ಹೆಸರಾಗಿನ ಸೆಕ್ಷನ್ 22 ಯಾವ ಕಾಯ್ದೆದ್ದು ಅಂತ ಮೊದಲ ಹೇಳ್ರಿ. ಟ್ರೇಡ್ ಯೂನಿಯನ್ ಕಾಯ್ದೆದಾಗೂ 22 ಇತ್ತು. ಪದಾಧಿಕಾರಿಗಳಾಗ ಅರ್ಧಕ್ಕ ಕಡಿಮೆ ಇಲ್ಲದಂಗ ಅದೇ ಉದ್ಯಮದಾಗ ಕೆಲಸ ಮಾಡೋರು ಇರಬೇಕು ಅಂತ ಅದು ಆವಾಗ ಹೇಳ್ತಿತ್ತು. ಉಳಿದ ಅರ್ಧ ಹೊರಗಿನವರು ಇರಬಹುದಿತ್ತು. ಆ ಅರ್ಧದ ಬಾಗಲದಿಂದನ ಎಲ್ಲಾ ಪಾರ್ಟಿ ಲೀಡರ್ಸು ಯೂನಿಯನ್ ಒಳಗ ಬಂದಿದ್ದು. ರೈಲ್ವೆ ನೌಕರರ ಅಖಿಲ ಭಾರತ ಒಕ್ಕೂಟ ಎಐಆರ್‌ಎಫ್‌ನ ಅಧ್ಯಕ್ಷರಾಗಿದ್ದ ವಿ.ವಿ. ಗಿರಿ, ಜಯಪ್ರಕಾಶ ನಾರಾಯಣ, ಇವರ್ಯಾರೂ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದವರಲ್ಲ.

ನಾಲ್ಕನೇ ಅಡ್ಡಿ ಅಂತೀರಲ್ಲ, ಸಂಧಾನ ಯಾವಾಗ ಶುರುವಾತು? ಮಂತ್ರಿ ಮನ್ಯಾಗ ಚಾ ಕುಡದು ಮಾತಾಡಿದ್ರ ಅದು ಸಂಧಾನ ಅಲ್ರಿ. ಕಾಯ್ದೆ ಪ್ರಕಾರ ಸಂಧಾನಾಧಿಕಾರಿ ಬೇಕು. ರೈಲ್ವೆ ಮಂತ್ರಾಲಯ ಮಾಡಿದ್ದು ನೇರ ಮಾತುಕತೆ.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 9:36
ಇಲ್ಲೇ ನೀವು ಸಿಕ್ಕಿಬೀಳುವುದು. ಸೆಕ್ಷನ್ 20(1) ಓದಿ: ಮುಷ್ಕರದ ನೋಟಿಸ್ ಸಂಧಾನಾಧಿಕಾರಿಯ ಕೈಗೆ ಬಂದ ದಿನವೇ ಸಂಧಾನ ಆರಂಭವಾಯಿತೆಂದು ಲೆಕ್ಕ. ಯಾರೂ ಕುರ್ಚಿ ಹಾಕಿ ಕೂರಬೇಕಾಗಿಲ್ಲ. ಮುಗಿಯುವುದು ಯಾವಾಗ? ಒಪ್ಪಂದಕ್ಕೆ ಸಹಿ ಬಿದ್ದಾಗ, ಇಲ್ಲವೇ ವಿಫಲವಾಯಿತೆಂಬ ವರದಿ ಸರ್ಕಾರದ ಕೈಸೇರಿದಾಗ, ಇಲ್ಲವೇ ವಿವಾದವನ್ನು ಟ್ರಿಬ್ಯೂನಲ್ಲಿಗೆ ಒಪ್ಪಿಸಿದಾಗ. ಅಧಿಕಾರಿಗೆ ವರದಿ ಕೊಡಲು 14 ದಿನ. ಅದಾದ ಮೇಲೆ ಏಳು ದಿನ. ಹದಿನಾಲ್ಕೂ ಏಳೂ ಇಪ್ಪತ್ತೊಂದು. ಏಪ್ರಿಲ್ 23ಕ್ಕೆ 21 ಸೇರಿಸಿದರೆ ಮೇ 14. ಮುಷ್ಕರ ಮೇ 8ಕ್ಕೆ. ಈಗ ಬೆರಳಿನಲ್ಲಿ ಎಣಿಸಿ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 9:41
ನೋಟಿಸ್ "ಬಂದ ದಿನ" ಅಂದ್ರಿ. ಯಾರಿಗೆ ಬಂತು? ನೋಟಿಸ್ ಕೊಡೋದು ಮಾಲಕಗ. ಆವಾಗ ರೈಲ್ವೆದಾಗ ಒಂಬತ್ತು ವಲಯ ಇದ್ದವು. ಒಂಬತ್ತು ಜನರಲ್ ಮ್ಯಾನೇಜರ್ರು. ಹುಬ್ಬಳ್ಳಿ ವಿಭಾಗ 1966ರಿಂದ ದಕ್ಷಿಣ ಮಧ್ಯ ರೈಲ್ವೆದಾಗ ಇತ್ತು, ಹಂಗಾಗಿ ನಮ್ಮ ಕಡೆದ್ದು ಸಿಕಂದರಾಬಾದಿಗೆ. ಬೆಂಗಳೂರು, ಮೈಸೂರಿಂದ ಮದ್ರಾಸಿಗೆ. ಒಂದ ನೋಟಿಸ್ ಅಲ್ಲ ಅದು.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 9:49
ಸರಿ, ಆ ನೋಟಿಸ್ ಯಾವ ನಮೂನೆಯಲ್ಲಿ? ಕೇಂದ್ರ ನಿಯಮಗಳ ಪ್ರಕಾರ ನಮೂನೆ "ಎಲ್". ನೋಂದಾಯಿತ ಯೂನಿಯನ್ನಿನ ಕಾರ್ಯದರ್ಶಿ ಮತ್ತು ಐವರು ಚುನಾಯಿತ ಪ್ರತಿನಿಧಿಗಳ ಸಹಿ ಬೇಕು. ಪ್ರತಿ ಸಂಧಾನಾಧಿಕಾರಿಗೂ ಹೋಗಲೇಬೇಕು. ಅಂದ ಮೇಲೆ ನಿಮ್ಮ ಮುಂದೆ ಎರಡೇ ದಾರಿ. ಪ್ರತಿ ಹೋಗಿದ್ದರೆ ಸೆಕ್ಷನ್ 20ರ ಪ್ರಕಾರ ಸಂಧಾನ ಶುರು, ಮೇ 8ಕ್ಕೆ ಇಳಿಯುವಂತಿಲ್ಲ. ಹೋಗಿಲ್ಲದಿದ್ದರೆ ನೋಟಿಸೇ ಅಪೂರ್ಣ. ಯಾವುದು ಬೇಕೋ ಆರಿಸಿಕೊಳ್ಳಿ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 9:53
ಇದನ್ನ ನಾ ಹೇಳಾಕತ್ತಿದ್ದು! ನೀವು ಹೇಳೋ ಪ್ರಕಾರ ಹೋದ್ರ ಈ ದೇಶದಾಗ ರೈಲ್ವೆ ನೌಕರ ಎಂದೂ ಕಾನೂನು ಪ್ರಕಾರ ಮುಷ್ಕರ ಮಾಡಾಕ ಆಗೋದಿಲ್ಲ. ನೋಟಿಸ್ ಕೊಟ್ರ ಸಂಧಾನ, ಸಂಧಾನ ಮುಗೀಬೇಕಂದ್ರ ವರದಿ, ವರದಿ ಬರಿಯಾಂವ ಸರ್ಕಾರದ ಅಧಿಕಾರಿ, ವರದಿ ತಗೊಳ್ಳಾಂವ ಸರ್ಕಾರ, ಮಾಲಕನೂ ಸರ್ಕಾರ. ವರದಿ ಮೇಜಿನ ಮ್ಯಾಲ ಕೂತ್ರ ಸಂಧಾನ ನಡದs ಇರ್ತೈತಿ. ಬಾಗಲಾ ತೆಗದೈತಿ ಅಂತ ಬೋರ್ಡು, ಒಳಗಿಂದ ಅಗಳಿ.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 9:55
ಕಾನೂನು ಕೆಟ್ಟದ್ದು ಎನ್ನುವುದು ಬೇರೆ, ಕಾನೂನು ಪ್ರಕಾರ ನಡೆಯಿತು ಎನ್ನುವುದು ಬೇರೆ. ನೀವೀಗ ಒಂದರಿಂದ ಇನ್ನೊಂದಕ್ಕೆ ಹಾರಿದಿರಿ.

ಅಂಕಿಸಂಖ್ಯೆ ಅಕ್ಕ, ರಾತ್ರಿ 10:02
"17 ಲಕ್ಷ ಜನ" ಎಂಬುದನ್ನು ಯಾರೂ ಪ್ರಶ್ನಿಸದೆ ಬಿಟ್ಟಿದ್ದು ನೋಡಿ ಆಶ್ಚರ್ಯವಾಯಿತು. ಆ ಹೊತ್ತಿಗೆ ರೈಲ್ವೆಯ ಕಾಯಂ ನೌಕರರು ಸುಮಾರು 14 ಲಕ್ಷ. ದಿನಗೂಲಿಯವರನ್ನು ಸೇರಿಸಿದರೆ ಮಾತ್ರ 17ರ ಹತ್ತಿರ ಬರುತ್ತದೆ. ಅಂದರೆ ಅದು ಇಡೀ ರೈಲ್ವೆಯ ತಲೆಲೆಕ್ಕ, ಕೆಲಸ ಬಿಟ್ಟವರ ಲೆಕ್ಕವಲ್ಲ. ಕಾಂಗ್ರೆಸ್ಸಿನ ಕಾರ್ಮಿಕ ಸಂಘಟನೆ ಐಎನ್‌ಟಿಯುಸಿ ಕಡೆಯ ರೈಲ್ವೆ ಒಕ್ಕೂಟ ಎನ್‌ಎಫ್‌ಐಆರ್ ಮುಷ್ಕರದಲ್ಲಿ ಇರಲೇ ಇಲ್ಲ. ಅವರ ಸದಸ್ಯರೆಲ್ಲ ಆ 20 ದಿನ ಎಲ್ಲಿದ್ದರು?

ಬಂದರು ಗಲ್ಲಿ, ರಾತ್ರಿ 10:08
ಅಕ್ಕಾ, 17 ಲಕ್ಷ ಅಂತ ಎಲ್ಲಾ ಕಡೆ ಬರೆದದ್ದುಂಟು, ನಾನು ಹುಟ್ಟಿಸಿದ್ದಲ್ಲ. ಮತ್ತೆ ಎನ್‌ಎಫ್‌ಐಆರ್ ಸದಸ್ಯರು ನಾಯಕರ ಮಾತು ಮೀರಿ ಇಳಿದ ಜಾಗಗಳೂ ಇದ್ದವು.

ಅಂಕಿಸಂಖ್ಯೆ ಅಕ್ಕ, ರಾತ್ರಿ 10:11
ಎಲ್ಲಾ ಕಡೆ ಬರೆದದ್ದು ಒಂದೇ ಕಡೆಯಿಂದ ನಕಲಾಗಿರಬಹುದು. "ಇದ್ದವು" ಅಂದರೆ ಎಷ್ಟು?

ಕಾಗೋಡಿನ ಗಾಳಿ, ರಾತ್ರಿ 10:15
ಬಂದರು ಗಲ್ಲಿಯವರೇ, "ಕೂತುಕೊಳ್ಳಲಿಕ್ಕೆ ಜಾಗ" ಎಂದಿರಲ್ಲ, ಆ ಜಾಗವನ್ನು ಯಾರು ಬಿಟ್ಟುಕೊಟ್ಟರು? ಎಐಆರ್‌ಎಫ್‌ನಲ್ಲಿ ಜಾರ್ಜ್ 1973ರಲ್ಲಿ ಅಧ್ಯಕ್ಷರಾದದ್ದು ಪೀಟರ್ ಅಲ್ವಾರಿಸ್ ಅವರನ್ನು ಸರಿಸಿ. ಅಲ್ವಾರಿಸ್ ಕಾಂಗ್ರೆಸ್ಸಿನವರಲ್ಲ. ಗೋವಾ ವಿಮೋಚನೆಗೆ ಹೋರಾಡಿದ ಸಮಾಜವಾದಿ, ಪಿಎಸ್‌ಪಿ ಕುಲದವರು. ಎರಡು ಪಕ್ಷ ಒಂದಾಗಿ ಎರಡು ವರ್ಷ ಆಗಿತ್ತು, ಹಳೆ ಜಗಳ ಯೂನಿಯನ್ನಿನಲ್ಲಿ ಮುಂದುವರಿಯಿತು. ಕಾರ್ಮಿಕ ರಂಗದಲ್ಲೂ ಅದೇ ಸೀಳು: ಹಿಂದ್ ಮಜ್ದೂರ್ ಸಭಾ ಒಂದು ಕಡೆ, ಲೋಹಿಯಾ ಕಡೆಯವರ ಹಿಂದ್ ಮಜ್ದೂರ್ ಪಂಚಾಯತ್ ಇನ್ನೊಂದು ಕಡೆ. ಯೂನಿಯನ್ ಮೆಟ್ಟಿಲು ಹತ್ತಿ ಪಕ್ಷಕ್ಕೆ ಬಂದರು ಎನ್ನುತ್ತೀರಿ. ನಾನು ಹೇಳುವುದು ಉಲ್ಟಾ: ಪಕ್ಷದ ಬಣದ ಬಲದಿಂದ ಯೂನಿಯನ್ ಹಿಡಿದರು. ಎರಡೂ ಪಟ್ಟ ಒಂದೇ ವರ್ಷ ಬಂದದ್ದು ಸುಮ್ಮನೆಯೇ?

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 10:24
ಅಲ್ವಾರಿಸ್ ಸಾಹೇಬ್ರು ದೊಡ್ಡವರು, ಇಲ್ಲ ಅನ್ನೋದಿಲ್ಲ. ಆದ್ರ "ಪಕ್ಷದ ಬಣ" ಅಂದಿರಿ ನೋಡ್ರಿ, ಅಲ್ಲಿಗೆ ನಿಮಗ ರೈಲ್ವೆ ಗೊತ್ತಿಲ್ಲ ಅಂತ ಆತು. 1973ರ ಆಗಸ್ಟಿನ್ಯಾಗ ಲೋಕೋ ರನ್ನಿಂಗ್ ಸ್ಟಾಫ್, ಅಂದ್ರ ಇಂಜಿನ್ ಓಡಸೋರು, ಮುಷ್ಕರ ಮಾಡಿದ್ರು. ಎಐಆರ್‌ಎಫ್ ಹಿಂದ ಇರಲಿಲ್ಲ, ಎನ್‌ಎಫ್‌ಐಆರ್ ಹಿಂದ ಇರಲಿಲ್ಲ. ಮಾನ್ಯತೆ ಇಲ್ಲದ ತಮ್ಮದ ಅಸೋಸಿಯೇಷನ್ ಕಟ್ಟಿಕೊಂಡು ಗಾಡಿ ನಿಲ್ಲಿಸಿ, ಡ್ಯೂಟಿ ಹತ್ತು ತಾಸಿಗೆ ಇಳಸ್ತೀವಿ ಅಂತ ಸರ್ಕಾರದ ಬಾಯಿಂದ ಹೇಳಿಸಿದ್ರು. ಅದಕ್ಕ ಮಾನ್ಯತೆ ಇದ್ದ ಯೂನಿಯನ್ನಿನ ಮಂದಿ ತಮ್ಮ ಲೀಡರ್ಸ್‌ನ ಕೇಳಾಕ ಹತ್ತಿದ್ರು: ನಿಮ್ಮ ಮಾನ್ಯತೆಯಿಂದ ನಮಗ ಏನ್ ಸಿಕ್ತು? ಅಲ್ವಾರಿಸ್ ಸೋತಿದ್ದು ಅಲ್ಲಿ, ಬಣದಾಗಲ್ಲ.

ಕೆಲಸದ ತಾಸಿನ ಕಥಿ ಕೇಳ್ರಿ. ಗೇಟ್‌ಮನ್‌ನಂಥವರನ್ನ "ಎಸೆನ್ಷಿಯಲಿ ಇಂಟರ್ಮಿಟೆಂಟ್" ಅಂತ ವರ್ಗ ಮಾಡಿದ್ರ ವಾರಕ್ಕ 75 ತಾಸು ದುಡಿಸಬಹುದಿತ್ತು, ರೈಲ್ವೆ ಕಾಯ್ದೆದಾಗ ಬರದಿತ್ತು. "ಕಂಟಿನ್ಯುಯಸ್" ಅಂದ್ರ 54. "ಇಂಟೆನ್ಸಿವ್" ಅಂದ್ರ 45. ಗಾಡಿ ಬರದ ಹೊತ್ತಿನ್ಯಾಗ ಆಂವ ಸುಮ್ಮನ ಕೂತಾನ ಅನ್ನೋದು ವಾದ. ಗೇಟು ಬಿಟ್ಟು ಮನಿಗೆ ಹೋಗಾಕ ಬರೋದಿಲ್ಲಲ್ಲ? ಎಂಟು ತಾಸಿನ ಬೇಡಿಕಿ ಹುಟ್ಟಿದ್ದು ಇಲ್ಲಿಂದ.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 10:33
"ಕಾಯ್ದೆದಾಗ ಬರದಿತ್ತು" ಎನ್ನುವಾಗ ಕಾಯ್ದೆ ನಿಮಗೆ ಸಾಕ್ಷಿ. ನಾನು ಕಾಯ್ದೆ ಹೇಳಿದರೆ ಅಗಳಿ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 10:35
ನಿಮ್ಮ ಜೋಡಿ ಮಾತಾಡೋದೂ ಒಂದ, ಸಿಗ್ನಲ್ ಕಂಬದ ಜೋಡಿ ಮಾತಾಡೋದೂ ಒಂದ.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 10:36
ಸಿಗ್ನಲ್ ನೋಡದೆ ಓಡಿಸಿದವರಿಗೆ ಏನಾಗುತ್ತದೆ ಎಂದು ಲೋಕೋಶೆಡ್ಡಿನವರಿಗೆ ನಾನು ಹೇಳಬೇಕೇ?

ಬಂದರು ಗಲ್ಲಿ, ರಾತ್ರಿ 10:40
ಇಬ್ಬರೂ ಸ್ವಲ್ಪ ನಿಧಾನ. @ಕಾಗೋಡಿನ ಗಾಳಿ, ಆಗಸ್ಟ್ 1973ರ ವಿಷಯ ಲೋಕೋಶೆಡ್ಡಿನವರು ಹೇಳಿದರಲ್ಲ, ಅದಕ್ಕೆ ಉತ್ತರ ಎಂತ? ಕೆಳಗಿನ ಒತ್ತಡ ಇಲ್ಲದೆ ಬರೇ ಬಣದಿಂದ ಒಂಬತ್ತು ವಲಯದ ಪ್ರತಿನಿಧಿಗಳ ಓಟು ಬೀಳುದುಂಟಾ?

ಕಾಗೋಡಿನ ಗಾಳಿ, ರಾತ್ರಿ 10:47
ಡಿಮೆಲ್ಲೊ ಯೂನಿಯನ್ನುಗಳ "ಹೊಣೆ ಇವರ ತಲೆಗೆ" ಬಂತು ಎಂದು ಮೊದಲ ಪೋಸ್ಟಿನಲ್ಲಿ ಬರೆದಿದ್ದೀರಿ. ಬಂದರು ಕಾರ್ಮಿಕರ ಯೂನಿಯನ್ನನ್ನು ಮುಂದೆ ದಶಕಗಳ ಕಾಲ ನಡೆಸಿದವರು ಎಸ್.ಆರ್. ಕುಲಕರ್ಣಿ. ಹೆಸರೇ ಬಂದರು ಗಲ್ಲಿ ಎಂದಿಟ್ಟುಕೊಂಡವರಿಗೆ ಇದು ಗೊತ್ತಿರಬೇಕಿತ್ತು. ಜಾರ್ಜರ ಬಲ ಇದ್ದದ್ದು ಪಾಲಿಕೆ, ಬೆಸ್ಟ್ ಬಸ್ಸು, ಟ್ಯಾಕ್ಸಿಯಲ್ಲಿ. ಊರು ನಿಲ್ಲಿಸಲು ಇಷ್ಟು ಸಾಕು, ಪಕ್ಷ ಕಟ್ಟಲು ಸಾಲದು. ಮುಂಬಯಿ ಬಂದ್ ಆದರೆ ಶಿವಮೊಗ್ಗದಲ್ಲಿ ಯಾರಿಗೆ ಬಿಸಿ ತಟ್ಟುತ್ತದೆ? ನಮ್ಮ ಕಡೆ ಪಕ್ಷ ನಿಂತದ್ದು ಗೇಣಿದಾರರ ಮೇಲೆ, 1951ರ ಕಾಗೋಡು ಸತ್ಯಾಗ್ರಹದ ಮೇಲೆ. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಗೆ ಹೋಗಿ ಕನ್ನಡದಲ್ಲಿ ಮಾತಾಡಿದ್ದು ಯಾವ ಯೂನಿಯನ್ ಚಂದಾದಿಂದಲೂ ಅಲ್ಲ.

ಬಂದರು ಗಲ್ಲಿ, ರಾತ್ರಿ 10:52
ಕುಲಕರ್ಣಿ ವಿಷಯ ಸರಿ ಇರಬಹುದು. ನಾನು "ಎಲ್ಲಾ ಯೂನಿಯನ್" ಅಂತ ಬರೆಯಲಿಲ್ಲ, ಹೊಣೆ ಅಂತ ಮಾತ್ರ ಬರೆದದ್ದು. ಮತ್ತೆ ಪಟೇಲರನ್ನು ಇಲ್ಲಿಗೆ ಯಾಕೆ ಎಳೆದು ತಂದದ್ದು?

ತಟಸ್ಥ ತಿಮ್ಮ, ರಾತ್ರಿ 10:54
ಎತ್ತು ಏರಿಗೆ, ಕೋಣ ನೀರಿಗೆ. ಗಾಡಿಯಲ್ಲಿ ಕೂತವರು ಜಾರ್ಜ್.

ಅಂಕಿಸಂಖ್ಯೆ ಅಕ್ಕ, ರಾತ್ರಿ 11:03
ಬೇಡಿಕೆಗಳಲ್ಲಿ ಮುಖ್ಯವಾದದ್ದನ್ನು ಯಾರೂ ಎತ್ತಲಿಲ್ಲ. ಬೋನಸ್. 1965ರ ಬೋನಸ್ ಪಾವತಿ ಕಾಯ್ದೆ ಕೇಂದ್ರ ಸರ್ಕಾರದ ಇಲಾಖೆ ನಡೆಸುವ ಉದ್ಯಮಗಳನ್ನು ಹೊರಗಿಟ್ಟಿತ್ತು. ರೈಲ್ವೆ ಇಲಾಖೆಯೇ ನಡೆಸುವುದು, ಆದ್ದರಿಂದ ಹೊರಗೆ. ಖಾಸಗಿ ಕಾರ್ಖಾನೆಯವನಿಗೆ ಕನಿಷ್ಠ 8.33 ಶೇಕಡಾ, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ರೈಲ್ವೆಯವನಿಗೆ ಸೊನ್ನೆ. ಮೂರನೇ ವೇತನ ಆಯೋಗ ಕನಿಷ್ಠ ಸಂಬಳ 185 ರೂಪಾಯಿ ಎಂದಿತ್ತು, ಸರ್ಕಾರ 196 ಮಾಡಿತು. ಬೋನಸ್ ಬಂದದ್ದು 1979ರಲ್ಲಿ, ಉತ್ಪಾದಕತೆಗೆ ಹೊಂದಿಸಿದ ಬೋನಸ್ ಎಂಬ ಹೆಸರಿನಲ್ಲಿ. ಮುಷ್ಕರ ಮುಗಿದು ಐದು ವರ್ಷಕ್ಕೆ. ಹಾಗಾಗಿ "ತರಬೇತಿ ಕಂಡಿತು" ಎನ್ನುವವರು ಮೇ 27ಕ್ಕೆ ಕೈಯಲ್ಲಿ ಏನಿತ್ತು ಎಂದೂ ಹೇಳಬೇಕು.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 11:12
ಮೇ 27ಕ್ಕ ಕೈಯಾಗ ಏನಿತ್ತು? ವಜಾ ಆದೇಶ ಇತ್ರಿ ಅಕ್ಕಾರ. ಶಿಸ್ತು ನಿಯಮ 14(ii) ಹಾಕಿ ವಿಚಾರಣಿ ಇಲ್ಲದ ಮಂದಿನ್ನ ತೆಗದ್ರು. ಕ್ವಾರ್ಟರ್ಸಿನಿಂದ ಹೆಂಡ್ರು ಮಕ್ಕಳನ್ನ ಹೊರಗ ಹಾಕಿದ್ರು. ಉಳದವರಿಗೆ "ಬ್ರೇಕ್ ಇನ್ ಸರ್ವಿಸ್". ಅಂದ್ರ ಅಲ್ಲಿತನಕ ಮಾಡಿದ ಸೇವಾ ಲೆಕ್ಕಕ್ಕ ಇಲ್ಲ, ಇನ್‌ಕ್ರಿಮೆಂಟಿಗೂ ಪೆಟ್ಟು, ಪಾಸಿಗೂ ಪೆಟ್ಟು, ಪಿಂಚಣಿಗೂ ಪೆಟ್ಟು. ಸೆಕ್ಷನ್ ಸಾಹೇಬ್ರು ಹೇಳೋ ಕಾಯ್ದೆದಾಗ ಕಾನೂನುಬಾಹಿರ ಮುಷ್ಕರಕ್ಕ ಶಿಕ್ಷಾ ಎಷ್ಟು? ಹೇಳ್ರಿ ಸಾಹೇಬ್ರ.

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 11:18
ಸೆಕ್ಷನ್ 26: ಒಂದು ತಿಂಗಳವರೆಗೆ ಸೆರೆ, ಇಲ್ಲವೇ 50 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರಚೋದಿಸಿದವರಿಗೆ ಸೆಕ್ಷನ್ 27ರಲ್ಲಿ ಆರು ತಿಂಗಳು, ಇಲ್ಲವೇ ಸಾವಿರ ರೂಪಾಯಿ, ಇಲ್ಲವೇ ಎರಡೂ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 11:21
ಐವತ್ತು ರೂಪಾಯಿ! ಐವತ್ತು ರೂಪಾಯಿ ತಪ್ಪಿಗೆ ಮನಿ ಖಾಲಿ ಮಾಡಿಸಿದ್ರು. ಜಾರ್ಜ್ ಅವರನ್ನ ಹಿಡದಿದ್ದು ಯಾವಾಗ? ಮೇ 2ಕ್ಕ, ಲಖನೌದಾಗ. ಮುಷ್ಕರ ಶುರುವಾಗಾಕ ಇನ್ನೂ ಆರು ದಿನ ಇತ್ತು. ಆಗದ ಮುಷ್ಕರ ಕಾನೂನುಬಾಹಿರ ಹೆಂಗಾಗ್ತೈತ್ರಿ? ಯಾವ 22, ಯಾವ 24, ಯಾವ 27?

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 11:29
ಬಂಧನ ಕೈಗಾರಿಕಾ ವಿವಾದ ಕಾಯ್ದೆಯಡಿ ಆಯಿತು ಎಂದು ನಾನು ಎಲ್ಲೂ ಬರೆದಿಲ್ಲ. 1971ರ ಡಿಸೆಂಬರಿನಲ್ಲಿ ಘೋಷಿಸಿದ ಬಾಹ್ಯ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಆದ್ದರಿಂದ ಭಾರತ ರಕ್ಷಣಾ ನಿಯಮಗಳು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆ ಎಲ್ಲ ಸರ್ಕಾರದ ಕೈಯಲ್ಲಿದ್ದವು. ಅದು ಬೇರೆ ಪ್ರಶ್ನೆ. ನನ್ನದು ಒಂದೇ: "ಕಾನೂನು ಪ್ರಕಾರ ನೋಟಿಸ್" ಎಂಬ ಮೂರು ಪದ.

ಬಂದರು ಗಲ್ಲಿ, ರಾತ್ರಿ 11:33
ಸರಿ, "ನೋಟಿಸ್ ಕೊಟ್ಟು" ಅಂತ ಓದಿಕೊಳ್ಳಿ. ಆ ಮೂರು ಪದ ತೆಗೆದರೆ ಉಳಿದದ್ದು ಎಲ್ಲಾ ನಿಲ್ತದೆ. ಈಗಲಾದರೂ ಪಾರ್ಟಿ ವಿಷಯಕ್ಕೆ ಬರುವನಾ?

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 11:35
ತೆಗೆದದ್ದಕ್ಕೆ ಧನ್ಯವಾದ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 11:36
ಯಾಕ ತೆಗದ್ರಿ?? ಹದಿನೈದು ದಿನ ಐತಿ ಅಂತ ನಾ ಇಲ್ಲಿ ಹೊಡದಾಡಾಕತ್ತೀನಿ, ನೀವು ಅಲ್ಲಿ ಬಿಳೇ ಬಾವುಟಾ ತೋರಸ್ತೀರಿ?

ಕಾಗೋಡಿನ ಗಾಳಿ, ರಾತ್ರಿ 11:44
ಪಾರ್ಟಿ ವಿಷಯಕ್ಕೆ ಬರುವುದಾದರೆ ಅಕ್ಕನ ಪ್ರಶ್ನೆಯಿಂದ ಶುರು ಮಾಡಿ. ಮುಷ್ಕರ ಸೋತಿತು. ಪಕ್ಷದ ಅಧ್ಯಕ್ಷ ಮತ್ತು ಯೂನಿಯನ್ ಅಧ್ಯಕ್ಷ ಒಬ್ಬರೇ ಆಗಿದ್ದರಿಂದಲೇ ಸರ್ಕಾರಕ್ಕೆ ಇದನ್ನು ರಾಜಕೀಯ ಪಿತೂರಿ ಎಂದು ತೋರಿಸಲು ಸುಲಭವಾಯಿತು. ಬೋನಸ್ ಕೇಳಿದ ಗ್ಯಾಂಗ್‌ಮನ್ ಸರ್ಕಾರ ಬೀಳಿಸಲು ಹೊರಟವನಾಗಿ ಕಂಡ. ಅಲ್ವಾರಿಸ್ ಅಧ್ಯಕ್ಷರಾಗಿಯೇ ಇದ್ದು ಜಾರ್ಜ್ ಪಕ್ಷ ನೋಡಿಕೊಂಡಿದ್ದರೆ ಮಾತುಕತೆ ಮೇ 2ಕ್ಕೆ ಮುರಿಯುತ್ತಿರಲಿಲ್ಲ.

ಬಂದರು ಗಲ್ಲಿ, ರಾತ್ರಿ 11:51
ಆಹಾ. ಮೊದಲು "ಖಾಲಿ ಮನೆಯ ಬೀಗದ ಕೈ" ಅಂದಿರಿ, ಈಗ ಅದೇ ಖಾಲಿ ಮನೆಗೆ ಇಂದಿರಾ ಸರ್ಕಾರ ಹೆದರಿತು ಅಂತೀರಿ. ಯಾವುದಾದರೂ ಒಂದು ಹೇಳಿ. ಮುಷ್ಕರ ಸೋತಿತು, ಒಪ್ಪಿದೆ. ಸೋತ ಮುಷ್ಕರದ ನಾಯಕ ಮೂರು ವರ್ಷಕ್ಕೆ ಜೈಲಿನಲ್ಲಿ ಕೂತೇ ಮುಜಫ್ಫರ್‌ಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಓಟಿನ ಅಂತರದಿಂದ ಗೆದ್ದದ್ದು ಹೇಗೆ? ಅಲ್ಲಿ ಮುಂಬಯಿ ಟ್ಯಾಕ್ಸಿ ಓಡುದಿಲ್ಲ. 1977ರಲ್ಲಿ ವಜಾ ಆದವರನ್ನು ವಾಪಸ್ ತೆಗೆದುಕೊಂಡ ರೈಲ್ವೆ ಮಂತ್ರಿ ಮಧು ದಂಡವತೆ ಯಾವ ಪಾರ್ಟಿಯಿಂದ ಬಂದವರು?

ಕಾಗೋಡಿನ ಗಾಳಿ, ರಾತ್ರಿ 11:56
ದಂಡವತೆ ಪಿಎಸ್‌ಪಿಯವರು. ನನ್ನ ವಾದಕ್ಕೇ ಸಾಕ್ಷಿ ಕೊಟ್ಟಿರಿ, ಥ್ಯಾಂಕ್ಸ್. ಮುಜಫ್ಫರ್‌ಪುರದಲ್ಲಿ ಗೆದ್ದದ್ದು ಬಂಧಿತ ಜಾರ್ಜರ ಕೈಕೋಳದ ಚಿತ್ರ, ಯೂನಿಯನ್ ಅಲ್ಲ. ಯೂನಿಯನ್ನೇ ಗೆಲ್ಲಿಸುವುದಾದರೆ 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫರ ಎದುರು ಗೆಲ್ಲಬೇಕಿತ್ತು. ಇಷ್ಟೊಂದು ಕಾರ್ಖಾನೆಗಳಿರುವ ಊರು.

ಬಂದರು ಗಲ್ಲಿ, ರಾತ್ರಿ 11:58
1984ರಲ್ಲಿ ಯಾರು ಗೆದ್ದರು ಮಾರಾಯ್ರೆ! ಪುನಃ ಅಲೆಯ ವರ್ಷವನ್ನೇ ಆರಿಸಿ ತಂದಿರಿ.

ಅಂಕಿಸಂಖ್ಯೆ ಅಕ್ಕ, ರಾತ್ರಿ 12:06
17 ಲಕ್ಷದ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 12:09
ದಿನಗೂಲಿಯವರನ್ನ ಲೆಕ್ಕದಾಗ ಹಿಡೀಬಾರದು ಅಂದವರು ಯಾರು ಅಕ್ಕಾರ? ಅವರನ್ನ ಕಾಯಂ ಮಾಡ್ರಿ ಅನ್ನೋದ ಒಂದು ಬೇಡಿಕಿ ಆಗಿತ್ತು. ಲೆಕ್ಕದಾಗ ಹಿಡಿಯಾಂಗಿಲ್ಲ ಅಂತ ರೈಲ್ವೆ ಬೋರ್ಡೂ ಹೇಳ್ತಿತ್ತು.

ಅಂಕಿಸಂಖ್ಯೆ ಅಕ್ಕ, ರಾತ್ರಿ 12:11
ಹಿಡಿಯಬಾರದು ಎಂದು ನಾನು ಹೇಳಲಿಲ್ಲ. ಹಿಡಿದರೂ ಎಲ್ಲರೂ ಇಳಿದರೆಂದು ಆಗುವುದಿಲ್ಲ ಎಂದೆ.

ತಟಸ್ಥ ತಿಮ್ಮ, ರಾತ್ರಿ 12:15
ನಂಗೊಂದು ಡೌಟು. ನೋಟಿಸ್ ಕೊಟ್ಟ ದಿನಾನೂ ಸೇರಿಸಿ ಎಣಿಸಬೇಕೋ, ಬಿಟ್ಟು ಎಣಿಸಬೇಕೋ?

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 12:17
ಬಿಟ್ಟು. ಏಪ್ರಿಲ್ 24 ಒಂದನೇ ದಿನ, ಮೇ 7 ಹದಿನಾಲ್ಕನೇ ದಿನ. ಮೇ 8ಕ್ಕೆ ಅವಧಿ ಕಳೆದಿರುತ್ತದೆ. ಎರಡನೇ ಅಡ್ಡಿಯ ಮಟ್ಟಿಗೆ ತಕರಾರಿಲ್ಲ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 12:18
ಒಪ್ಪಿದ್ರು! ಎಲ್ಲಾರೂ ಸ್ಕ್ರೀನ್‌ಶಾಟ್ ತಗೋರಿ. ಕಾನೂನು ಪ್ರಕಾರ ನೋಟಿಸ್!

ಸೆಕ್ಷನ್ ಇಪ್ಪತ್ತೆರಡು, ರಾತ್ರಿ 12:19
"ಎರಡನೇ ಅಡ್ಡಿಯ ಮಟ್ಟಿಗೆ" ಎಂದು ಬರೆದಿದ್ದೇನೆ. ನಾಲ್ಕನೆಯದು ಅಲ್ಲೇ ಇದೆ.

ಹುಬ್ಬಳ್ಳಿ ಲೋಕೋಶೆಡ್, ರಾತ್ರಿ 12:19
ತಗೊಂಡಾತ್ರಿ.